ರಿಯಾಕ್ಟರ್ ಒಳಗೆ ಫೈಬರ್ ಬಾಳಬೇಕಾದರೆ: ನನ್ನ ಅನುಭವ

ರಿಯಾಕ್ಟರ್ ಒಳಗಿನ ಉಷ್ಣಾಂಶ ಅಳೆಯಲು ಆಪ್ಟಿಕಲ್ ಫೈಬರ್ ಇಳಿಸುವುದು ನನ್ನ ಕೆಲಸ. ವಿಕಿರಣ ತಡೆಯಲು ಸುತ್ತ ಏನು ಕವಚ ಹಾಕುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಏನೂ ಇಲ್ಲ. ಇಂಧನದ ಪಕ್ಕದಲ್ಲಿ ಸೀಸದ ಕವಚಕ್ಕೆ ಜಾಗವೇ ಇರುವುದಿಲ್ಲ. ಫೈಬರ್ ಬಾಳುವುದೋ ಬಿಡುವುದೋ ಅನ್ನುವುದು ಅದರ ಗಾಜಿನೊಳಗೆ ಏನೇನು ಬೆರೆತಿದೆ ಅನ್ನುವುದರ ಮೇಲೆ ನಿಂತಿದೆ.

ಗಾಮಾ ಕಿರಣ ಗಾಜನ್ನು ಒಡೆಯುವುದಿಲ್ಲ, ಮಂಕಾಗಿಸುತ್ತದೆ. ಸಿಲಿಕಾನ್ ಮತ್ತು ಆಮ್ಲಜನಕದ ನಡುವಿನ ಬಂಧ ಅಲ್ಲಲ್ಲಿ ಕಡಿಯುತ್ತದೆ. ಹಾಗೆ ಹುಟ್ಟಿದ ಒಂದೊಂದು ದೋಷವೂ ತನ್ನ ಪಾಲಿನ ಬೆಳಕನ್ನು ನುಂಗುತ್ತದೆ: ಒಂದು 215 ನ್ಯಾನೊಮೀಟರ್ ತರಂಗಾಂತರದ ಸುತ್ತ, ಇನ್ನೊಂದು 620ರ ಸುತ್ತ. ಫೈಬರ್‌ನ ಕೋರ್‌ನಲ್ಲಿ, ಅಂದರೆ ಬೆಳಕು ಹರಿಯುವ ನಡುಭಾಗದಲ್ಲಿ, ರಂಜಕ ಇದ್ದರಂತೂ ಕೆಲಸ ಕೆಟ್ಟಿತು. ಅದರ ದೋಷ ನುಂಗುವುದು 1600ರ ಹತ್ತಿರ, ನಾವು ಬಳಸುವ 1550 ನ್ಯಾನೊಮೀಟರ್ ಬೆಳಕಿನ ಪಕ್ಕದಲ್ಲೇ. ಇದೇ ಗುಣಕ್ಕಾಗಿ ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ ರಂಜಕದ ಫೈಬರ್‌ನಿಂದ ವಿಕಿರಣದ ಪ್ರಮಾಣವನ್ನೇ ಅಳೆಯುತ್ತಾರೆ! ನನ್ನ ಆಯ್ಕೆ ಮಾತ್ರ ಶುದ್ಧ ಸಿಲಿಕಾ ಕೋರ್, ಅದರ ಸುತ್ತ ಫ್ಲೋರಿನ್ ಬೆರೆತ ಸಿಲಿಕಾ.

ಗಾಜಿನ ಹೊರಗಿನ ಲೇಪ, ಅಂದರೆ ಕೋಟಿಂಗ್ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು. ಮಾಮೂಲಿ ಪ್ಲಾಸ್ಟಿಕ್ ಲೇಪವಾದ ಅಕ್ರಿಲೇಟ್ ಸುಮಾರು 85 ಡಿಗ್ರಿಗೇ ಸೋಲುತ್ತದೆ. ಇನ್ನೊಂದು ಪ್ಲಾಸ್ಟಿಕ್ ಪಾಲಿಇಮೈಡ್ 300ರವರೆಗೆ ತಾಳುತ್ತದೆ. ಆದರೆ ಪ್ಲಾಸ್ಟಿಕ್ ಜಾತಿಯ ಯಾವ ಪದರವೇ ಆಗಲಿ, ವಿಕಿರಣಕ್ಕೆ ಸಿಕ್ಕಿ ಹೈಡ್ರೋಜನ್ ಬಿಡುತ್ತದೆ. ಅದು ಗಾಜಿನೊಳಗೆ ಇಳಿದರೆ 1240 ಮತ್ತು 1380 ನ್ಯಾನೊಮೀಟರ್ ಹತ್ತಿರ ಬೆಳಕು ತಗ್ಗುತ್ತದೆ. ಹಾಗಾಗಿ ಲೋಹದ ಲೇಪವೇ ಮೇಲು. ಬಂಗಾರ ತುಂಬಾ ಬಿಸಿ ತಡೆಯುತ್ತದೆ, ನಿಜ. ಆದರೆ ಅದು ನ್ಯೂಟ್ರಾನ್ ಹೀರಿ ತಾನೇ ವಿಕಿರಣ ಸೂಸತೊಡಗುತ್ತದೆ, ಅರ್ಧಾಯುಷ್ಯ 2.7 ದಿನ. ಅಲ್ಯೂಮಿನಿಯಂ ಹೀರಿದಾಗ ಹುಟ್ಟುವ ಐಸೊಟೋಪ್‌ನದು ಎರಡು ಕಾಲು ನಿಮಿಷ ಅಷ್ಟೇ. ಫೈಬರ್ ಹೊರತೆಗೆದು ಕೈಯಲ್ಲಿ ಹಿಡಿಯುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. 400 ಡಿಗ್ರಿ ಒಳಗಿನ ಕೆಲಸವಾದರೆ ನಾನು ಅಲ್ಯೂಮಿನಿಯಂ ಬಿಟ್ಟು ಬೇರೆ ನೋಡುವುದಿಲ್ಲ.

ಒಳಗೆ ಇಳಿಸಿದ ಮೇಲೆ ಫೈಬರ್‌ಗೆ ಬೆಳಕು ಕೊಡುವ ದೀಪ ಆರಿಸುವುದಿಲ್ಲ. ಹರಿಯುವ ಬೆಳಕೇ ಕೆಲವು ದೋಷಗಳನ್ನು ವಾಸಿ ಮಾಡುತ್ತದೆ, ರಿಯಾಕ್ಟರ್‌ನ ಬಿಸಿಯೂ ಅದೇ ಕೆಲಸ ಮಾಡುತ್ತದೆ. ಇನ್ನೊಂದು ಕಾಟ ಅಂದರೆ ವೇಗದ ಎಲೆಕ್ಟ್ರಾನ್‌ಗಳು ಹಾಯುವಾಗ ಗಾಜಿನೊಳಗೇ ಹುಟ್ಟುವ ಚೆರೆಂಕೋವ್ ಬೆಳಕು. ಅದು ನೀಲಿ ಕಡೆ ಜೋರು, 1550ರಲ್ಲಿ ತೀರಾ ಕ್ಷೀಣ. ಕಣ್ಣಿಗೆ ಕಾಣುವ ಬೆಳಕಲ್ಲೇ ಅಳೆಯಬೇಕಾದಾಗ ನಮ್ಮ ಬೆಳಕನ್ನು ಮಿನುಗಿಸಿ, ಆ ಮಿನುಗನ್ನಷ್ಟೇ ಓದುತ್ತೇವೆ. ಜೊತೆಗೆ ಅದೇ ದಾರಿಯಲ್ಲಿ ಇಂಧನದ ಪಕ್ಕದವರೆಗೆ ಹೋಗದೆ ಮೊದಲೇ ತಿರುಗಿ ಬರುವ ಇನ್ನೊಂದು ಫೈಬರ್ ಇಡುತ್ತೇನೆ. ಒಂದರ ನಷ್ಟದಿಂದ ಇನ್ನೊಂದರದ್ದನ್ನು ಕಳೆದು ನೋಡಿದರೆ ಒಳಗಿನ ತುಂಡಿನ ನಷ್ಟ ಎಷ್ಟು ಅಂತ ಸಿಗುತ್ತದೆ.

ನಿಜವಾದ ತಲೆನೋವು ವೇಗದ ನ್ಯೂಟ್ರಾನ್‌ಗಳದ್ದು. ಅವು ಪರಮಾಣುಗಳನ್ನೇ ಜಾಗದಿಂದ ಕದಲಿಸುತ್ತವೆ. ಚದರ ಸೆಂಟಿಮೀಟರಿಗೆ 10²⁰ ನ್ಯೂಟ್ರಾನ್ ಬಿದ್ದ ಹೊತ್ತಿಗೆ ಸಿಲಿಕಾ ಶೇಕಡಾ 2–3ರಷ್ಟು ದಟ್ಟವಾಗಿ ಅಲ್ಲಿಗೆ ನಿಲ್ಲುತ್ತದೆ. ನಾವು ಉಷ್ಣಾಂಶ ಅಳೆಯುವುದು ಬ್ರ್ಯಾಗ್ ಗ್ರೇಟಿಂಗ್‌ನಿಂದ, ಅಂದರೆ ಫೈಬರ್‌ನೊಳಗೆ ಬರೆದ, ಒಂದೇ ತರಂಗಾಂತರದ ಬೆಳಕನ್ನು ಹಿಂದಕ್ಕೆ ಕಳಿಸುವ ಸೂಕ್ಷ್ಮ ಗೆರೆಗಳ ಸಾಲಿನಿಂದ. ಅತಿ ಚಿಕ್ಕ ಮಿಡಿತದ ಫೆಮ್ಟೊಸೆಕೆಂಡ್ ಲೇಸರ್‌ನಲ್ಲಿ ಬರೆದದ್ದು ಬಿಸಿಗೆ ಸುಲಭವಾಗಿ ಅಳಿಸಿಹೋಗುವುದಿಲ್ಲ. ಆದರೆ ಗಾಜು ಕುಗ್ಗಿದಂತೆ ಅದರ ತರಂಗಾಂತರವೂ ಜಾರುತ್ತದೆ. ಒಂದು ಡಿಗ್ರಿಗೆ ಸಿಗುವ ಬದಲಾವಣೆಯೇ ಸುಮಾರು 10 ಪಿಕೊಮೀಟರ್. ಹಾಗಿರುವಾಗ ಜಾರಿದ್ದು ಬಿಸಿಯಿಂದಲೋ ನ್ಯೂಟ್ರಾನಿಂದಲೋ ಅಂತ ಗ್ರೇಟಿಂಗ್ ಒಂದನ್ನೇ ನೋಡಿ ಹೇಳಲಾಗದು, ಅಲ್ವಾ? ಅದಕ್ಕೇ ಪ್ರತಿ ಗ್ರೇಟಿಂಗ್ ಸಾಲಿನ ಪಕ್ಕ ಒಂದು ಥರ್ಮೋಕಪಲ್, ಅಂದರೆ ಎರಡು ಲೋಹದ ತಂತಿ ಸೇರಿಸಿದ ಉಷ್ಣಮಾಪಕ, ಕೂರಿಸುತ್ತೇನೆ, ರಿಯಾಕ್ಟರ್ ಪೂರ್ತಿ ಶಕ್ತಿಗೆ ಬಂದು ಸ್ಥಿರವಾದಾಗಲೆಲ್ಲ ಎರಡನ್ನೂ ತಾಳೆ ಹಾಕುತ್ತೇನೆ.