ಲೈಬ್ರರಿಯ ಮೆಥಡ್‌ಗಳಿಗೆ ಹೆಸರು ಬದಲಿಸಿದ ಬಗೆ: ನನ್ನ ಅನುಭವ

ಕಲಬುರಗಿಯ ದಾಲ್ ಮಿಲ್‌ಗಳ ಲೆಕ್ಕಪತ್ರದ ತಂತ್ರಾಂಶಗಳಲ್ಲಿ ಬಳಕೆಯಾಗುವ ಪೈಥಾನ್ ಭಾಷೆಯ ಲೈಬ್ರರಿಯೊಂದನ್ನು (ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಸಿದ್ಧ ಕೋಡ್) ನಾನು ನೋಡಿಕೊಳ್ಳುತ್ತೇನೆ. ತೊಗರಿ ಲಾಟ್‌ಗಳ ತೂಕ, ತೇವಾಂಶದ ಕಡಿತ ಮತ್ತು ಮೊತ್ತವನ್ನು ಲೆಕ್ಕ ಹಾಕುವುದು ಅದರ ಕೆಲಸ. ಅದರ ಇಂಟರ್‌ಫೇಸ್ (ಬಳಕೆದಾರರ ಕೋಡ್ ಕರೆಯುವ ಮೆಥಡ್‌ಗಳು, ಅಂದರೆ ಒಂದೊಂದು ಕೆಲಸ ಮಾಡುವ ಹೆಸರಿಟ್ಟ ಕೋಡ್ ತುಣುಕುಗಳು) ಪರಿಷ್ಕರಿಸಲು ಕುಳಿತಾಗ ನಾನು ಮೊದಲು ಓದಿದ್ದು ಲೈಬ್ರರಿಯ ಕೋಡನ್ನಲ್ಲ, ಅದನ್ನು ಬಳಸುವವರ ಕೋಡನ್ನು. ಲೈಬ್ರರಿಯ ವಿವರಣೆಯ ದಾಖಲೆಯನ್ನು ತೆರೆಯದೆ, ಮೆಥಡನ್ನು ಕರೆಯುವ ಸಾಲೊಂದನ್ನೇ ನೋಡಿ ಏನಾಗುತ್ತದೆಂದು ಹೇಳಲು ಸಾಧ್ಯವಿಲ್ಲದ ಹೆಸರುಗಳನ್ನಷ್ಟೇ ಗುರುತು ಹಾಕಿಕೊಂಡೆ.

ಎಲ್ಲಕ್ಕಿಂತ ಹೆಚ್ಚು ಕಡೆ ಕಂಡದ್ದು ‘ಲಾಟ್.ವೇಟ್()’. ಅದು ಚೀಲ ಸೇರಿದ ತೂಕವೋ, ಚೀಲ ಕಳೆದ ನಿವ್ವಳ ತೂಕವೋ, ಕಿಲೋದಲ್ಲಿದೆಯೋ, ಕ್ವಿಂಟಲ್‌ನಲ್ಲಿದೆಯೋ ಎಂಬುದು ಆ ಸಾಲಿನಿಂದ ತಿಳಿಯುತ್ತಿರಲಿಲ್ಲ. ತೂಕದ ಯಂತ್ರ ಕಿಲೋದಲ್ಲಿ ತೋರಿಸುತ್ತದೆ, ಎಪಿಎಂಸಿಯಲ್ಲಿ ತೊಗರಿಯ ದರ ಕ್ವಿಂಟಲ್‌ಗೆ ನಿಗದಿಯಾಗುತ್ತದೆ. ಎರಡನ್ನೂ ಹಾಗೆಯೇ ಗುಣಿಸಿದರೆ ಮೊತ್ತ 100 ಪಟ್ಟು ಏರುತ್ತದೆ. ಆದ್ದರಿಂದ ‘ಗ್ರಾಸ್_ವೇಟ್_ಕೆಜಿ’, ‘ನೆಟ್_ವೇಟ್_ಕೆಜಿ’ ಎಂದು ಬಿಡಿಸಿಯೇ ಇಟ್ಟೆ. ಹೆಸರು ಉದ್ದವಾಯಿತು ಎಂಬ ಆಕ್ಷೇಪ ಬಂತು. ಅಳತೆಯ ಮಾನವನ್ನು ಹೆಸರಿನಿಂದ ಕೈಬಿಡಲು ನಾನು ಒಪ್ಪಲಿಲ್ಲ.

ಹೆಚ್ಚು ಯೋಚಿಸಬೇಕಾದದ್ದು ‘ಡಿಡಕ್ಟ್_ಮಾಯಿಶ್ಚರ್’ ಬಗ್ಗೆ. ಅದು ಮೂಲ ಲಾಟ್ ಅನ್ನು ಮುಟ್ಟದೆ, ಕಡಿತ ಮಾಡಿದ ಹೊಸ ಲಾಟ್ ಅನ್ನು ಹಿಂದಿರುಗಿಸುತ್ತಿತ್ತು. ಆದರೆ ಆಜ್ಞೆಯಂತಿದ್ದ ಆ ಹೆಸರನ್ನು ನಂಬಿದ ಕೆಲವರು ಹಿಂದಿರುಗಿದ ಮೌಲ್ಯವನ್ನು ಹಿಡಿದಿಟ್ಟುಕೊಳ್ಳದೆ, ಕಡಿತವಾಗದ ತೂಕಕ್ಕೇ ಬಿಲ್ ಮಾಡುತ್ತಿದ್ದರು. ಪೈಥಾನ್‌ನಲ್ಲಿ ಈ ಭೇದ ಹೆಸರಿನಲ್ಲೇ ಇದೆ: ‘ಸಾರ್ಟ್’ ಪಟ್ಟಿಯನ್ನೇ ಬದಲಿಸಿ ‘ನನ್’ (None, ಅಂದರೆ ಯಾವ ಮೌಲ್ಯವೂ ಇಲ್ಲ) ಕೊಡುತ್ತದೆ, ‘ಸಾರ್ಟೆಡ್’ ಹೊಸ ಪಟ್ಟಿಯನ್ನು ಕೊಡುತ್ತದೆ. ದತ್ತಾಂಶ ಸಂಸ್ಕರಣೆಯ ಪಾಂಡಾಸ್ ಲೈಬ್ರರಿಯ ಡೇಟಾಫ್ರೇಮ್‌ (ಕೋಷ್ಟಕ)ನಲ್ಲಿದ್ದ ‘ಅಪೆಂಡ್’ ಮಾತ್ರ, ಪಟ್ಟಿಯ ‘ಅಪೆಂಡ್’ನಂತೆ ಇದ್ದಲ್ಲೇ ಸೇರಿಸದೆ ಹೊಸ ಫ್ರೇಮ್ ಕೊಡುತ್ತಿತ್ತು, ಅದನ್ನು 2023ರಲ್ಲಿ ಬಂದ 2.0 ಆವೃತ್ತಿಯಲ್ಲಿ ತೆಗೆದುಹಾಕಲಾಯಿತು. ಇವನ್ನು ಮುಂದಿಟ್ಟುಕೊಂಡು ‘ವಿತ್_ಮಾಯಿಶ್ಚರ್_ಡಿಡಕ್ಟೆಡ್’ ಎಂಬ ಹೆಸರನ್ನು ಆರಿಸಿದೆ. ‘ಟೋಟಲ್’, ‘ರೇಟ್’ ಮೊದಲಾದವು ಯಾರನ್ನೂ ದಾರಿ ತಪ್ಪಿಸುತ್ತಿರಲಿಲ್ಲವಾದ್ದರಿಂದ ಅವನ್ನು ಮುಟ್ಟಲಿಲ್ಲ.

ಹಳೆಯ ಹೆಸರುಗಳನ್ನು ಒಂದು ಆವೃತ್ತಿಯ ಮಟ್ಟಿಗೆ ಉಳಿಸಿ, ಅವು ಹೊಸ ಮೆಥಡನ್ನೇ ಕರೆಯುವಂತೆ ಮಾಡಿ, ಎಚ್ಚರಿಕೆಯನ್ನು ಸೇರಿಸಿದೆ. ಎಚ್ಚರಿಕೆ ಎಷ್ಟು ಹಂತ ಹಿಂದಿನ ಕರೆಯ ಸಾಲನ್ನು ತೋರಿಸಬೇಕೆಂದು ಹೇಳುವ ‘ಸ್ಟ್ಯಾಕ್‌ಲೆವೆಲ್’ ಅನ್ನು 2 ಎಂದು ಕೊಟ್ಟಿದ್ದರಿಂದ ಎಚ್ಚರಿಕೆಯು ಲೈಬ್ರರಿಯ ಒಳಗಿನ ಸಾಲನ್ನಲ್ಲ, ಬಳಕೆದಾರರು ತಿದ್ದಬೇಕಾದ ಸಾಲನ್ನೇ ತೋರಿಸಿತು. ಬಳಕೆ ಕೈಬಿಡಬೇಕಾದುದನ್ನು ತಿಳಿಸುವ ಪೈಥಾನ್‌ನ ಎಚ್ಚರಿಕೆಯಾದ ‘ಡೆಪ್ರಿಕೇಶನ್‌ವಾರ್ನಿಂಗ್’ ಮುಖ್ಯ ಸ್ಕ್ರಿಪ್ಟ್‌ನ ಹೊರಗೆ ಸಾಮಾನ್ಯವಾಗಿ ಕಾಣಿಸದ ಕಾರಣ ಎಲ್ಲರಿಗೂ ಕಾಣುವ ‘ಫ್ಯೂಚರ್‌ವಾರ್ನಿಂಗ್’ ಬಳಸಿದೆ. ಮುಂದಿನ ಆವೃತ್ತಿಯಲ್ಲಿ ‘ವೇಟ್’ ಅನ್ನು ತೆಗೆದ ಮೇಲೆ ಆ ಹೆಸರನ್ನು ಬೇರೆ ಅರ್ಥಕ್ಕೆ ಮತ್ತೆ ಬಳಸಿಲ್ಲ. ಬಳಸಿದ್ದರೆ ತಿದ್ದದೆ ಉಳಿದ ಕೋಡ್ ದೋಷವನ್ನು ತೋರಿಸಿ ನಿಲ್ಲುವ ಬದಲು ಬೇರೆಯದೇ ತೂಕಕ್ಕೆ ಬಿಲ್ ಮಾಡಿಬಿಡುತ್ತಿತ್ತು.