ಆಗುಂಬೆ ಘಾಟಿಯಲ್ಲಿ ಎಳೆಯದ ಕಾರು: ಟರ್ಬೊ ಬಿಚ್ಚಿ ಮಸಿ ತೆಗೆದ ನನ್ನ ಅನುಭವ

ಕಳೆದ ಮಳೆಗಾಲದಲ್ಲಿ ಅಮ್ಮನನ್ನು ಕರೆದುಕೊಂಡು ಉಡುಪಿಯಿಂದ ವಾಪಸ್ ಬರುತ್ತಿದ್ದೆ. ಸೋಮೇಶ್ವರ ದಾಟಿ ಘಾಟಿ ಹತ್ತುವಾಗ ಜಿಟಿಜಿಟಿ ಮಳೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಏಳನೆಯದರಲ್ಲಿ ಮೇಲಿಂದ ಮಿನಿ ಬಸ್ ಬಂತು, ನಿಧಾನ ಮಾಡಿ ದಾರಿ ಬಿಟ್ಟೆ. ಎರಡನೇ ಗೇರ್, 1,400 ಆರ್‌ಪಿಎಂ. ಬಸ್ ಹೋದ ಮೇಲೆ ಆಕ್ಸಿಲರೇಟರ್ ಒತ್ತಿದರೆ ಕಾರು ಎಳೆಯಲೇ ಇಲ್ಲ. ಪೂರ್ತಿ ಒತ್ತಿದೆ. ಮೂರು ಸೆಕೆಂಡ್ ಏನೂ ಇಲ್ಲ. ಆಮೇಲೆ 2,300ರ ಹತ್ತಿರ ಒಮ್ಮೆಲೇ ಎಳೆತ ನುಗ್ಗಿ ಬಂತು, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿತು. "ನಿಧಾನ ಹೊಡಿಯೋ ಮಾರಾಯ" ಅಂದಳು ಅಮ್ಮ. ನಾನು ಜೋರಾಗಿ ಹೊಡೆದಿರಲಿಲ್ಲ.

ಶಿವಮೊಗ್ಗದಲ್ಲಿ ಹದಿನೈದು ವರ್ಷದಿಂದ ಡೀಸೆಲ್ ಗಾಡಿಗಳ ಕೆಲಸ ಮಾಡುತ್ತಿದ್ದೇನೆ. ಮಲೆನಾಡಿನ ಗಿರಾಕಿಗಳ ಬಾಯಲ್ಲಿ ಈ ದೂರು ಜಾಸ್ತಿ: ಘಾಟಿಯಲ್ಲಿ ಪಿಕಪ್ ಇಲ್ಲ. ಹುಡುಗರು ಬಂದು, "ಅಣ್ಣಾ, ರೀಮ್ಯಾಪ್ ಮಾಡ್ಸಿದ್ರೆ ಲ್ಯಾಗ್ ಹೋಗುತ್ತಾ?" ಅಂತ ಕೇಳುತ್ತಾರೆ. ರೀಮ್ಯಾಪ್ ಅಂದರೆ ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಾಯಿಸುವುದು, ಲ್ಯಾಗ್ ಅಂದರೆ ಆಕ್ಸಿಲರೇಟರ್ ಒತ್ತಿದ ಮೇಲೆ ಎಳೆತ ಬರುವುದಕ್ಕೆ ಆಗುವ ತಡ. ಅವರಿಗೆ ಹೇಳುವುದನ್ನೇ ನನ್ನ ಕಾರಿಗೂ ಮಾಡಿದೆ. ದುಡ್ಡು ಸುರಿಯುವ ಮೊದಲು, ಈಗಿರುವ ಟರ್ಬೊ, ಅಂದರೆ ಹೊಗೆಯ ರಭಸದಲ್ಲಿ ಟರ್ಬೈನ್ ಚಕ್ರ ತಿರುಗಿಸಿ ಎಂಜಿನ್ನಿಗೆ ಗಾಳಿ ತುಂಬುವ ಸಾಧನ, ತನ್ನ ಕೆಲಸ ಮಾಡುತ್ತಿದೆಯಾ ಅಂತ ನೋಡಬೇಕು.

ನನ್ನದು 1.3 ಲೀಟರ್ ಡೀಸೆಲ್, ವಿಜಿಟಿ ಇರುವ ಎಂಜಿನ್. ವಿಜಿಟಿ ಅಂದರೆ ವೇರಿಯಬಲ್ ಜಿಯೋಮೆಟ್ರಿ ಟರ್ಬೊ, ಹೊಗೆ ಹೋಗುವ ದಾರಿಯ ಅಳತೆ ಬದಲಾಗುವ ಟರ್ಬೊ. ನಮ್ಮ ಬಚ್ಚಲೊಲೆ ಊದುವ ಕೊಳವೆ ನೆನಪಿಸಿಕೊಳ್ಳಿ. ಬರೀ ಬಾಯಲ್ಲಿ ಊದಿದರೆ ಕೆಂಡ ಅಲುಗುವುದಿಲ್ಲ. ಅದೇ ಉಸಿರನ್ನು ಸಣ್ಣ ಕೊಳವೆಯಲ್ಲಿ ಬಿಟ್ಟರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಎಂಜಿನ್ ನಿಧಾನ ಇರುವಾಗ ಹೊಗೆ ಕಮ್ಮಿ. ಆ ಕಮ್ಮಿ ಹೊಗೆಯಲ್ಲೇ ಟರ್ಬೈನ್ ತಿರುಗಬೇಕಾದರೆ ದಾರಿ ಕಿರಿದಾಗಬೇಕು. ಅದಕ್ಕೇ ಟರ್ಬೈನ್ ಸುತ್ತ ಪುಟ್ಟ ರೆಕ್ಕೆಗಳಿರುತ್ತವೆ, ಅವಕ್ಕೆ ವೇನ್ ಅನ್ನುತ್ತೇವೆ. ಕಮ್ಮಿ ಆರ್‌ಪಿಎಂನಲ್ಲಿ ಅವು ಮುಚ್ಚಿಕೊಂಡು ಹೊಗೆಯ ವೇಗ ಹೆಚ್ಚಿಸುತ್ತವೆ. ಆರ್‌ಪಿಎಂ ಏರಿದಾಗ ತೆರೆದುಕೊಳ್ಳುತ್ತವೆ, ಇಲ್ಲದಿದ್ದರೆ ಉಸಿರು ಕಟ್ಟುತ್ತದೆ. ಮಾಮೂಲಿ ಟರ್ಬೊದಲ್ಲಿ ಈ ದಾರಿ ಒಂದೇ ಅಳತೆ. ದೊಡ್ಡದಿಟ್ಟರೆ ಲ್ಯಾಗ್, ಚಿಕ್ಕದಿಟ್ಟರೆ ಮೇಲಿನ ಆರ್‌ಪಿಎಂನಲ್ಲಿ ದಮ್ಮು ಇಲ್ಲ.

ಡೀಸೆಲ್‌ನಲ್ಲಿ ಇದು ಎಷ್ಟೋ ವರ್ಷದಿಂದ ಇದೆ. ಪೆಟ್ರೋಲ್‌ಗೆ ಕಷ್ಟ ಯಾಕೆಂದರೆ ಹೊಗೆಯ ಬಿಸಿ 1,000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅಷ್ಟು ಬಿಸಿಯಲ್ಲಿ ಸಣ್ಣ ರೆಕ್ಕೆಗಳು ಕಚ್ಚಿಕೊಳ್ಳದೆ ಆಡಬೇಕಲ್ವಾ? 2006ರಲ್ಲಿ ಪೋರ್ಷೆ 911 ಟರ್ಬೊದಲ್ಲಿ ಬೋರ್ಗ್‌ವಾರ್ನರ್ ಕಂಪನಿಯ ಇಂಥ ಟರ್ಬೊ ಬಂದಾಗ, ಆ ಲೋಹದ ಕೆಲಸ ಕಂಡು ನನಗೆ ನಿಜವಾಗಿ ಗೌರವ ಹುಟ್ಟಿತು. ರ‍್ಯಾಲಿ ಕಾರುಗಳಲ್ಲಿ ಲ್ಯಾಗ್ ಕಳೆಯುವ ರೀತಿಯೇ ಬೇರೆ. ಆಕ್ಸಿಲರೇಟರ್ ಬಿಟ್ಟಾಗಲೂ ಎಕ್ಸಾಸ್ಟ್‌ನಲ್ಲಿ ಇಂಧನ ಉರಿಸಿ ಟರ್ಬೈನ್ ತಿರುಗುತ್ತಲೇ ಇರುವಂತೆ ನೋಡಿಕೊಳ್ಳುತ್ತಾರೆ. ಮನೆ ಕಾರಿಗೆ ಅದು ಬೇಡ, ಟರ್ಬೊ ಬೇಗ ಸುಟ್ಟು ಹೋಗುತ್ತದೆ.

ಮೊದಲು ಸ್ಕ್ಯಾನರ್ ಹಾಕಿದೆ. 1,600 ಆರ್‌ಪಿಎಂನಲ್ಲಿ ಟರ್ಬೊದಿಂದ ಎಂಜಿನ್ ಕೇಳುತ್ತಿದ್ದ ಗಾಳಿಯ ಒತ್ತಡ 1,700 ಮಿಲಿಬಾರ್, ಸಿಗುತ್ತಿದ್ದದ್ದು 1,250. ಬಾನೆಟ್ ತೆಗೆದು, ವೇನ್ ಆಡಿಸುವ ಟರ್ಬೊದ ಕಡ್ಡಿ ನೋಡಿದೆ. ಆ ಕಡ್ಡಿಯನ್ನು ಗಾಳಿಯ ಸೆಳೆತದಲ್ಲಿ ಎಳೆಯುವ ಡಬ್ಬಿಗೆ ವ್ಯಾಕ್ಯೂಮ್ ಆಕ್ಚುವೇಟರ್ ಅನ್ನುತ್ತೇವೆ. ಇಂಥ ವ್ಯಾಕ್ಯೂಮ್ ಆಕ್ಚುವೇಟರ್‌ನಲ್ಲಿ, ಗಾಡಿ ಸ್ಟಾರ್ಟ್ ಆದ ಕೂಡಲೇ ಆ ಕಡ್ಡಿ ಪೂರ್ತಿ ಒಳಗೆ ಸೇದಿಕೊಳ್ಳಬೇಕು, ಆಫ್ ಮಾಡಿದರೆ ಹೊರಗೆ ಬರಬೇಕು. ನನ್ನದರಲ್ಲಿ ಅರ್ಧ ಹೋಗಿ ನಿಲ್ಲುತ್ತಿತ್ತು. ಕೈ ವ್ಯಾಕ್ಯೂಮ್ ಪಂಪ್ ಹಾಕಿದಾಗ ಆಕ್ಚುವೇಟರ್ ಗಾಳಿ ಬಿಡದೆ ಹಿಡಿದುಕೊಂಡಿತು, ಆದರೂ ಕಡ್ಡಿ ತಡೆದು ತಡೆದು ಆಡುತ್ತಿತ್ತು. ಅಂದರೆ ಒಳಗೆ ವೇನ್ ಬಿಗಿ. ಅಷ್ಟೇ ಅಲ್ಲ, ಆಕ್ಚುವೇಟರ್‌ಗೆ ಹೋಗುವ ರಬ್ಬರ್ ಪೈಪನ್ನು ಬೆರಳಲ್ಲಿ ಸವರಿಕೊಂಡು ಹೋದಾಗ ಬ್ರಾಕೆಟ್ ಹಿಂದೆ ಇಲಿ ಕಡಿದ ಗುರುತು ಸಿಕ್ಕಿತು. ಅಕ್ಕಿ ಕಾಳಿನಷ್ಟು ತೂತು. ಮಳೆಗಾಲದಲ್ಲಿ ನಮ್ಮ ಕಡೆ ಇಲಿಗಳು ಬೆಚ್ಚಗಿನ ಎಂಜಿನ್ ಹುಡುಕಿ ಬರುತ್ತವೆ. ಪೈಪ್ ಬದಲಾಯಿಸಿದ್ದಕ್ಕೇ ಅರ್ಧ ಲ್ಯಾಗ್ ಹೋಯಿತು. ಉಳಿದರ್ಧಕ್ಕೆ ಟರ್ಬೊ ಇಳಿಸಲೇಬೇಕಾಯಿತು.

ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಟ್ಟೆ. ಇದರಲ್ಲಿ ಅವಸರ ಮಾಡಿದರೆ ಬೋಲ್ಟ್ ತುಂಡಾಗುತ್ತದೆ, ಆಮೇಲೆ ಎರಡು ದಿನ ಅದೇ ಕೆಲಸ. ಬಿಚ್ಚುವ ಮೊದಲು ಟರ್ಬೊದ ಹೊರಕವಚ, ಅಂದರೆ ಹೌಸಿಂಗ್ ಎರಡಕ್ಕೂ ಪಂಚ್‌ನಲ್ಲಿ ಗುರುತು ಹಾಕಿದೆ. ಬಿಸಿ ಕಡೆಯ ಹೌಸಿಂಗನ್ನು ನೇರವಾಗಿ ಎಳೆಯಬೇಕು. ಸ್ವಲ್ಪ ಓರೆಯಾದರೂ ಟರ್ಬೈನ್ ಎಲೆ ಬಾಗುತ್ತದೆ.

ಒಳಗೆ ನೋಡಿದರೆ ಬಾಣಲೆ ತಳದ ಕಿಟ್ಟದ ಹಾಗೆ ಗಟ್ಟಿ ಮಸಿ. ಉಗುರಲ್ಲಿ ಕೆರೆದರೂ ಬರಲಿಲ್ಲ. ರೆಕ್ಕೆಗಳನ್ನೆಲ್ಲ ಒಟ್ಟಿಗೆ ತಿರುಗಿಸುವ ಬಳೆಯ ಹಿಂದೆಯೇ ಮಸಿ ಜಾಸ್ತಿ ಕೂತಿತ್ತು. ಕಾರ್ಬನ್ ಕ್ಲೀನರ್‌ನಲ್ಲಿ ನೆನೆಹಾಕಿ, ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿ, ಮತ್ತೆ ನೆನೆಹಾಕಿ, ಹೀಗೆ ನಾಲ್ಕು ಸಲ. ಸಂಜೆ ಹೊತ್ತಿಗೆ ರೆಕ್ಕೆ ಆಡಿಸುವ ಲಿವರ್ ಒಂದು ಬೆರಳಿಗೆ ಸಲೀಸಾಗಿ ಆಡಿತು, ಟಿಕ್ ಅಂತ ಎರಡೂ ತುದಿ ಮುಟ್ಟಿತು. ಆ ಸದ್ದು ಕೇಳುವುದೇ ಒಂದು ಖುಷಿ.

ಇಲ್ಲಿ ಎರಡು ತಪ್ಪು ಮಾಡಬೇಡಿ. ಲಿವರ್ ಹತ್ತಿರದ ಸ್ಟಾಪ್ ಸ್ಕ್ರೂ ಮುಟ್ಟಬೇಡಿ. ವೇನ್ ಎಷ್ಟು ಮುಚ್ಚಬೇಕು ಅಂತ ಫ್ಯಾಕ್ಟರಿಯಲ್ಲಿ ಅಳೆದು ಇಟ್ಟಿರುತ್ತಾರೆ. ಇನ್ನೊಂದು, ಚೆನ್ನಾಗಿ ಆಡಲಿ ಅಂತ ರೆಕ್ಕೆಗಳಿಗೆ ಎಣ್ಣೆ ಹಚ್ಚಬೇಡಿ. ಆ ಬಿಸಿಗೆ ಎಣ್ಣೆ ಸುಟ್ಟು ಮತ್ತೆ ಮಸಿಯಾಗುತ್ತದೆ. ಒಣಗಿಸಿ ಹಾಗೇ ಕೂರಿಸಿ.

ಹೊಸ ಗ್ಯಾಸ್ಕೆಟ್, ಹೊಸ ತಾಮ್ರದ ವಾಷರ್ ಹಾಕಿದೆ. ಆಯಿಲ್ ಬರುವ ತೂತಿಗೆ ಹೊಸ ಆಯಿಲ್ ಬಿಟ್ಟು ಬೆರಳಲ್ಲಿ ಚಕ್ರ ತಿರುಗಿಸಿದೆ. ಇಂಜೆಕ್ಟರ್ ಕನೆಕ್ಟರ್ ತೆಗೆದು ಸ್ಟಾರ್ಟರ್ ಹೊಡೆದೆ, ಆಯಿಲ್ ಮೇಲೆ ಬರಲಿ ಅಂತ. ಇಂಥ ಸಣ್ಣ ಟರ್ಬೊ ನಿಮಿಷಕ್ಕೆ 2 ಲಕ್ಷ ಸುತ್ತಿನ ಆಸುಪಾಸು ತಿರುಗುತ್ತದೆ. ಒಣ ಬೇರಿಂಗ್ ಮೇಲೆ ಒಂದು ಸಲ ಓಡಿದರೂ ಕಥೆ ಮುಗಿಯಿತು.

ಈಗ 1,600ರಲ್ಲಿ 1,650 ಮಿಲಿಬಾರ್ ಸಿಗುತ್ತಿದೆ. ಮಸಿ ಕಟ್ಟಿದ್ದು ಯಾಕೆ ಅಂತಲೂ ಗೊತ್ತು: ಮನೆಯಿಂದ ಗ್ಯಾರೇಜಿಗೆ ಮೂರು ಕಿಲೋಮೀಟರ್, ಎಂಜಿನ್ ಬಿಸಿಯಾಗುವ ಮೊದಲೇ ಆಫ್. ಈಗ ವಾರಕ್ಕೊಮ್ಮೆ ಗಾಜನೂರು ದಾಟಿ ಮಂಡಗದ್ದೆವರೆಗೆ ಹೋಗುತ್ತೇನೆ, ರಸ್ತೆ ಖಾಲಿ ಇದ್ದಲ್ಲಿ ಮೂರನೇ ಗೇರಲ್ಲಿ 2,500ರ ಮೇಲೆ ಇಟ್ಟು ಓಡಿಸುತ್ತೇನೆ.

ಹೋದ ತಿಂಗಳು ಮತ್ತೆ ಅದೇ ಘಾಟಿ ಹತ್ತಿದೆ. ಏಳನೇ ತಿರುವಲ್ಲಿ ಎರಡನೇ ಗೇರಲ್ಲೇ ನಿಧಾನಕ್ಕೆ, ಒಂದೇ ಸಮ ಎಳೆಯಿತು, ಚಕ್ರ ಜಾರಲಿಲ್ಲ. 1,300ರ ಕೆಳಗೆ ಇನ್ನೂ ಸ್ವಲ್ಪ ಬಡಕಲು, ಅಷ್ಟು ಸಣ್ಣ ಎಂಜಿನ್ನಿಗೆ ಅದು ಸಹಜ. ಮೇಲಿನ ಕಡಿದಾದ ತಿರುವುಗಳಲ್ಲಿ ಒಂದನೇ ಗೇರ್ ಹಾಕಿಕೊಂಡೇ ಹತ್ತಿದೆ.