ವೆಬ್ ಸರ್ವಿಸ್ ಲೈಬ್ರರಿ: ಹಾಕುವುದು ಒಂದೇ ಕಡೆ ಇರಲಿ

ಜಾವಾ 8ರಲ್ಲಿ ವರ್ಷಗಟ್ಟಲೆ ತಂಟೆ ಇಲ್ಲದೆ ಓಡಿದ ಅಪ್ಲಿಕೇಶನ್. ಶುಕ್ರವಾರ ಸಂಜೆ ಸರ್ವರ್‌ಗೆ ಜಾವಾ 17 ಹಾಕುತ್ತಾರೆ. ಶನಿವಾರ ಬೆಳಿಗ್ಗೆ ಲಾಗ್ ತುಂಬ ‘ನೋ ಕ್ಲಾಸ್ ಡೆಫ್ ಫೌಂಡ್’. ಗಾಬರಿಯಲ್ಲಿ ಯಾರೋ ಒಬ್ಬರು ಹಳೇ ಪ್ರಾಜೆಕ್ಟಿನಿಂದ ನಾಲ್ಕು ಜಾರ್ ಫೈಲು (ಜಾವಾ ಲೈಬ್ರರಿಯ ಕಟ್ಟು) ತಂದು ಹಾಕುತ್ತಾರೆ. ಎರರ್ ಬದಲಾಗುತ್ತದೆ, ಹೋಗುವುದಿಲ್ಲ. ಇನ್ನು ನಾಲ್ಕು ಹಾಕುತ್ತಾರೆ. ಸೋಮವಾರದ ಹೊತ್ತಿಗೆ ಯಾವ ಜಾರ್ ಯಾಕೆ ಅಲ್ಲಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಇಂಥ ಸರ್ವರ್‌ಗಳನ್ನು ಬಿಡಿಸಲು ಎಷ್ಟೋ ಶನಿವಾರ ಕೂತಿದ್ದೇನೆ. ಒಂದು ಕಡೆಯಂತೂ ಒಂದೇ ಲೈಬ್ರರಿಯ ಮೂರು ಆವೃತ್ತಿ ಒಂದೇ ಫೋಲ್ಡರಿನಲ್ಲಿ ಸಾಲಾಗಿ ಕೂತಿದ್ದವು. ಅದಕ್ಕೇ ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ.

ಹೀಗೇಕೆ ಆಗುತ್ತದೆ ಅನ್ನುವುದು ಮೊದಲು. ಸೋಪ್ ಮಾದರಿಯ (ಎಕ್ಸ್‌ಎಂಎಲ್ ಸಂದೇಶಗಳ ಮೂಲಕ ಮಾತಾಡುವ) ವೆಬ್ ಸರ್ವಿಸ್‌ಗಳನ್ನು ಕರೆಯಲು ಬೇಕಾದ ಜಾಕ್ಸ್-ಡಬ್ಲ್ಯುಎಸ್ ಲೈಬ್ರರಿ 2006ರಲ್ಲಿ ಜಾವಾ 6ರ ಜೊತೆಗೇ ಬಂತು. ಹಾಗಾಗಿ ಅದು ಬೇರೆ ಲೈಬ್ರರಿ ಅನ್ನುವುದೇ ಜಾಸ್ತಿ ಜನರಿಗೆ ಮರೆತುಹೋಗಿತ್ತು. ಜಾವಾ 9ರಲ್ಲಿ ಅದನ್ನು ಬದಿಗೆ ಸರಿಸಿದರು. 2018ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 11ರಲ್ಲಿ ಪೂರ್ತಿ ತೆಗೆದರು. ಕ್ಲೈಂಟ್ ಕೋಡ್ ಬರೆದುಕೊಡುವ ‘ಡಬ್ಲ್ಯುಎಸ್ ಇಂಪೋರ್ಟ್’ ಟೂಲ್ ಕೂಡ ಅದರ ಜೊತೆಗೇ ಹೋಯಿತು. ಈಗ ನಾವೇ ತಂದು ಹಾಕಬೇಕು, ಕ್ಲೈಂಟ್ ಕಡೆಗೂ ಸರ್ವರ್ ಕಡೆಗೂ.

1. ಯಾವ ಲೈಬ್ರರಿ?

ಅಪಾಚಿ ಸಿಎಕ್ಸ್‌ಎಫ್ ಹಾಕಿ. ಇದೇ ಕೆಲಸದ ಇನ್ನೊಂದು ಲೈಬ್ರರಿ ಮೆಟ್ರೋ ಕೂಡ ಒಳ್ಳೆಯದೇ, ಆದರೆ ಕ್ಲೈಂಟ್, ಸರ್ವರ್ ಎರಡರಲ್ಲೂ ಒಂದೇ ಲೈಬ್ರರಿ ಇದ್ದರೆ ತೊಂದರೆ ಹುಡುಕುವುದು ಸುಲಭ. ಹಳೇ ಲೈಬ್ರರಿ ಆಕ್ಸಿಸ್ 1ರ ಹತ್ತಿರ ಮಾತ್ರ ಹೋಗಬೇಡಿ. ಅದರ 1.4 ಆವೃತ್ತಿ ಬಂದಿದ್ದು 2006ರಲ್ಲಿ. ಇಂಟರ್‌ನೆಟ್‌ನಲ್ಲಿ ಅದರ ಉದಾಹರಣೆಗಳು ಇನ್ನೂ ತುಂಬ ಸಿಗುತ್ತವೆ ಅನ್ನುವುದೊಂದೇ ಕಾರಣಕ್ಕೆ ಈಗಲೂ ಹೊಸ ಪ್ರಾಜೆಕ್ಟಿಗೆ ಅದನ್ನು ತರುವವರಿದ್ದಾರೆ.

2. ಜಾವಾಕ್ಸೋ ಜಕಾರ್ತಾವೋ?

ಇಲ್ಲಿ ಅವಸರ ಬೇಡ. ಅರ್ಧ ಜನ ಎಡವುವುದು ಇಲ್ಲೇ.

ಒರೇಕಲ್ ಕಂಪನಿ 2017ರಲ್ಲಿ ಜಾವಾ ಇಇಯನ್ನು (ಸರ್ವರ್ ಅಪ್ಲಿಕೇಶನ್‌ಗಳಿಗೆ ಬೇಕಾದ ಜಾವಾ ಲೈಬ್ರರಿಗಳ ಗುಂಪು) ಎಕ್ಲಿಪ್ಸ್ ಫೌಂಡೇಶನ್ನಿಗೆ ಬಿಟ್ಟುಕೊಟ್ಟಿತು. ಹೆಸರು ಜಕಾರ್ತಾ ಇಇ ಆಯಿತು. 2020ರ ಕೊನೆಗೆ ಬಂದ ಜಕಾರ್ತಾ ಇಇ 9ರಲ್ಲಿ ಪ್ಯಾಕೇಜುಗಳ ಹೆಸರೂ ಜಾವಾಕ್ಸ್ ಹೋಗಿ ಜಕಾರ್ತಾ ಆಯಿತು. ಕೆಲಸ ಅದೇ, ಆದರೆ ಜಾವಾ ಕಣ್ಣಿಗೆ ಇವು ಎರಡು ಬೇರೆ ಬೇರೆ ಕ್ಲಾಸುಗಳು. ಒಂದನ್ನು ಕೇಳಿದರೆ ಇನ್ನೊಂದನ್ನು ಕೊಡಲು ಬರುವುದಿಲ್ಲ.

ಟಾಮ್‌ಕ್ಯಾಟ್ (ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ಸರ್ವರ್) 9ರ ತನಕ ಜಾವಾಕ್ಸ್. 10ರಿಂದ ಜಕಾರ್ತಾ. ಸಿಎಕ್ಸ್‌ಎಫ್‌ನ 3ರ ಸರಣಿ ಜಾವಾಕ್ಸ್, 4ರ ಸರಣಿ ಜಕಾರ್ತಾ. 4ಕ್ಕೆ ಕಡಿಮೆ ಅಂದರೂ ಜಾವಾ 17 ಬೇಕು. ಅಂದರೆ ಟಾಮ್‌ಕ್ಯಾಟ್ 9ಕ್ಕೆ ಸಿಎಕ್ಸ್‌ಎಫ್ 3, ಟಾಮ್‌ಕ್ಯಾಟ್ 10ಕ್ಕೆ ಸಿಎಕ್ಸ್‌ಎಫ್ 4. ಅಡ್ಡಾದಿಡ್ಡಿ ಸೇರಿಸಿದರೆ ಸರ್ವಿಸ್ ಏಳುವುದೇ ಇಲ್ಲ.

ಇನ್ನೊಂದು ಮೋಸ ಇದೆ, ಫೈಲಿನ ಹೆಸರಲ್ಲೇ. ‘ಜಕಾರ್ತಾ ಎಕ್ಸ್‌ಎಂಎಲ್ ಡಬ್ಲ್ಯುಎಸ್ ಎಪಿಐ 2.3.3’ ಅನ್ನುವ ಜಾರ್ ಬಿಚ್ಚಿ ನೋಡಿ. ಹೆಸರು ಜಕಾರ್ತಾ, ಒಳಗಿರುವುದು ಜಾವಾಕ್ಸ್! ಹೊಸ ಮಾಲೀಕರು ಮೊದಲು ಜಾರಿನ ಹೆಸರು ಬದಲಾಯಿಸಿದರು, ಒಳಗಿನ ಪ್ಯಾಕೇಜು ಬದಲಾಗಿದ್ದು ಅದರ 3.0 ಆವೃತ್ತಿಯಲ್ಲಿ. ಆದ್ದರಿಂದ ಹೆಸರು ನೋಡಿ ನಂಬಬೇಡಿ. ‘ಜಾರ್ ಟಿಎಫ್’ ಕಮ್ಯಾಂಡ್ ಕೊಟ್ಟು ಒಳಗಿನ ಪಟ್ಟಿಯ ನಾಲ್ಕು ಸಾಲು ಓದಿ. ಹತ್ತು ಸೆಕೆಂಡಿನ ಕೆಲಸ, ಅಲ್ವಾ?

3. ಡೌನ್‌ಲೋಡ್

ಲೈಬ್ರರಿಗಳನ್ನು ತಾವೇ ಹುಡುಕಿ ತರುವ ಬಿಲ್ಡ್ ಟೂಲ್‌ಗಳಾದ ಮೇವನ್ ಅಥವಾ ಗ್ರೇಡಲ್ ಮೂಲಕವೇ ತನ್ನಿ. ಸಿಎಕ್ಸ್‌ಎಫ್‌ನ ಜಾಕ್ಸ್-ಡಬ್ಲ್ಯುಎಸ್ ಫ್ರಂಟೆಂಡ್ ಮತ್ತು ಎಚ್‌ಟಿಟಿಪಿ ಟ್ರಾನ್ಸ್‌ಪೋರ್ಟ್, ಈ ಎರಡು ಹೆಸರು ಬರೆದರೆ ಉಳಿದದ್ದೆಲ್ಲ ಹಿಂದೆ ಬರುತ್ತದೆ. ಸರ್ಚ್ ಮಾಡಿ ಸಿಕ್ಕ ಸಿಕ್ಕ ಜಾರ್ ಡೌನ್‌ಲೋಡ್ ಸೈಟುಗಳಿಂದ ತರಬೇಡಿ. ಸರ್ವರ್‌ಗೆ ಇಂಟರ್‌ನೆಟ್ ಇಲ್ಲದಿದ್ದರೆ ಬೇರೆ ಯಂತ್ರದಲ್ಲಿ ವಾರ್ ಫೈಲು (ಅಪ್ಲಿಕೇಶನ್ ಮತ್ತು ಅದರ ಜಾರ್‌ಗಳು ಸೇರಿದ ಕಟ್ಟು) ಕಟ್ಟಿ, ಅದನ್ನೇ ಒಯ್ಯಿರಿ.

4. ಸರ್ವರ್‌ನಲ್ಲಿ ಎಲ್ಲಿ ಇಡಬೇಕು

ಈ ಲೇಖನ ಬರೆದಿದ್ದೇ ಈ ಹೆಜ್ಜೆಗಾಗಿ.

ಟಾಮ್‌ಕ್ಯಾಟ್‌ನಲ್ಲಿ ಜಾರ್ ಇಡಲು ಎರಡು ಜಾಗ ಇವೆ. ಒಂದು ಟಾಮ್‌ಕ್ಯಾಟ್‌ನದೇ ಲಿಬ್ ಫೋಲ್ಡರು, ಅದು ಎಲ್ಲ ಅಪ್ಲಿಕೇಶನ್‌ಗಳಿಗೂ ಸೇರಿದ್ದು. ಇನ್ನೊಂದು ನಿಮ್ಮ ವಾರ್ ಒಳಗಿನ ವೆಬ್-ಇನ್ಫ್ ಲಿಬ್, ಅದು ಆ ಅಪ್ಲಿಕೇಶನ್ನಿಗೆ ಮಾತ್ರ. ‘ಇರಲಿ ಬಿಡಿ’ ಅಂತ ಎರಡೂ ಕಡೆ ಹಾಕುವುದು ನಾನು ನೋಡಿದ ತಪ್ಪುಗಳಲ್ಲೇ ದೊಡ್ಡದು.

ಎರಡೂ ಕಡೆ ಇದ್ದರೆ ಏನಾಗುತ್ತದೆ? ಶಾಲೆಯ ಎ ಸೆಕ್ಷನ್ನಿನಲ್ಲಿ ಒಬ್ಬ ಮಂಜುನಾಥ, ಬಿ ಸೆಕ್ಷನ್ನಿನಲ್ಲಿ ಇನ್ನೊಬ್ಬ ಮಂಜುನಾಥ ಇದ್ದಾರೆ ಅಂದುಕೊಳ್ಳಿ. ಎ ಸೆಕ್ಷನ್ನಿನವನ ಮಾರ್ಕ್ಸ್ ಕಾರ್ಡು ಹಿಡಿದು ಬಿ ಸೆಕ್ಷನ್ನಿನವನು ಬಂದರೆ ಮೇಷ್ಟ್ರು ಒಪ್ಪುವುದಿಲ್ಲ. ಹೆಸರು ಒಂದೇ, ಹುಡುಗ ಬೇರೆ. ಜಾವಾ ಕೂಡ ಹೀಗೇ. ಒಂದು ಕ್ಲಾಸನ್ನು ಗುರುತಿಸಲು ಹೆಸರಷ್ಟೇ ಸಾಲದು, ಅದನ್ನು ಫೈಲಿನಿಂದ ಓದಿ ತಂದ ಭಾಗ, ಅಂದರೆ ಕ್ಲಾಸ್ ಲೋಡರ್, ಯಾವುದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಟಾಮ್‌ಕ್ಯಾಟ್ ಮೊದಲು ವಾರ್ ಒಳಗೆ ಹುಡುಕುತ್ತದೆ, ಸಿಗದಿದ್ದರೆ ತನ್ನ ಲಿಬ್‌ಗೆ ಹೋಗುತ್ತದೆ. ಕಂಪನಿಯ ‘ಕಾಮನ್’ ಜಾರ್ ಒಂದು ಟಾಮ್‌ಕ್ಯಾಟ್ ಲಿಬ್‌ನಲ್ಲಿ ಇದ್ದರೆ ಅದು ಅಲ್ಲಿನ ಆವೃತ್ತಿ ಹಿಡಿಯುತ್ತದೆ. ನಿಮ್ಮ ಕೋಡು ವಾರ್ ಒಳಗಿನದನ್ನು ಹಿಡಿಯುತ್ತದೆ. ಇಬ್ಬರೂ ಭೇಟಿಯಾದಾಗ, ಒಂದು ಕ್ಲಾಸನ್ನು ಅದೇ ಹೆಸರಿನ ಕ್ಲಾಸಿಗೆ ಕ್ಯಾಸ್ಟ್ ಮಾಡಲು (ಆ ಕ್ಲಾಸೇ ಅಂತ ಬಳಸಲು) ಆಗುವುದಿಲ್ಲ ಅನ್ನುವ ಎರರ್ ಬರುತ್ತದೆ. ಎಡಗಡೆ ಬಲಗಡೆ ಅಕ್ಷರಕ್ಕೆ ಅಕ್ಷರ ಒಂದೇ ಹೆಸರು. ಅನುಭವ ಇದ್ದವರೂ ಅದನ್ನು ಮೂರು ಸಲ ಓದುತ್ತಾರೆ. ಆ ಸಾಲು ಕಂಡರೆ ಕೋಡ್ ತಿದ್ದಲು ಹೋಗಬೇಡಿ. ಜಾರ್ ಎರಡು ಕಡೆ ಇದೆ ಅಂತಲೇ ತಿಳಿಯಿರಿ.

ನನ್ನ ಸಲಹೆ ಗಟ್ಟಿಯಾಗಿ ಇಷ್ಟೇ: ಟಾಮ್‌ಕ್ಯಾಟ್ ಆದರೆ ವಾರ್ ಒಳಗೇ ಇಡಿ, ಹಂಚಿಕೊಳ್ಳುವ ಲಿಬ್‌ನಲ್ಲಿ ಏನೂ ಬೇಡ. ಹತ್ತು ಅಪ್ಲಿಕೇಶನ್ ಇದ್ದರೆ ಹತ್ತು ಪ್ರತಿ ಆಗುತ್ತದೆ, ಡಿಸ್ಕ್ ವ್ಯರ್ಥ ಅನ್ನುತ್ತಾರೆ. ಆಗಲಿ. ಒಂದು ಅಪ್ಲಿಕೇಶನ್ನಿಗಾಗಿ ಲೈಬ್ರರಿ ಬದಲಾಯಿಸಿ ಉಳಿದ ಒಂಬತ್ತನ್ನು ಬೀಳಿಸುವುದಕ್ಕಿಂತ ಅದು ಎಷ್ಟೋ ಮೇಲು.

ವೈಲ್ಡ್‌ಫ್ಲೈ ಎಂಬ ಇನ್ನೊಂದು ಸರ್ವರ್ ಆದರೆ ಲೆಕ್ಕ ತಿರುಗುಮುರುಗು. ಅದರೊಳಗೆ ಸಿಎಕ್ಸ್‌ಎಫ್ ಮೊದಲೇ ಇದೆ. ಸರ್ವಿಸ್ ಇರುವ ವಾರ್ ಒಳಗೆ ನೀವೂ ಸಿಎಕ್ಸ್‌ಎಫ್ ಹಾಕಿದರೆ ಡಿಪ್ಲಾಯ್ ಆಗುವಾಗಲೇ ಅದು ಕಂಡುಹಿಡಿದು ತಡೆಯುತ್ತದೆ. ಅದರದನ್ನೇ ಬಳಸಿ, ನಿಮ್ಮದನ್ನು ಮೇವನ್ನಿನಲ್ಲಿ ‘ಪ್ರೊವೈಡೆಡ್’ (ಸರ್ವರ್‌ನಲ್ಲೇ ಇದೆ, ವಾರ್‌ಗೆ ತುಂಬಬೇಡ) ಅಂತ ಗುರುತು ಹಾಕಿ. ನಿಮ್ಮದೇ ಬೇಕೇ ಬೇಕು ಅಂದರೆ ಜೆಬಾಸ್ ಡಿಪ್ಲಾಯ್‌ಮೆಂಟ್ ಸ್ಟ್ರಕ್ಚರ್ ಫೈಲಿನಲ್ಲಿ ವೆಬ್ ಸರ್ವಿಸಸ್ ಸಬ್‌ಸಿಸ್ಟಮ್ ಆಫ್ ಮಾಡಬೇಕು. ವೆಬ್‌ಲಾಜಿಕ್ ಮತ್ತು ವೆಬ್‌ಸ್ಫಿಯರ್‌ನಲ್ಲೂ ಅಪ್ಲಿಕೇಶನ್ನಿನ ಜಾರ್‌ಗೆ ಮೊದಲ ಸ್ಥಾನ ಕೊಡುವ ಸೆಟ್ಟಿಂಗ್ ಇದೆ.

ಯಾವ ಕ್ಲಾಸು ಎಲ್ಲಿಂದ ಬಂತು ಅಂತ ಸುಮ್ನೆ ಊಹೆ ಮಾಡಬೇಡಿ. ಜಾವಾ ಶುರು ಮಾಡುವಾಗ ‘ವರ್ಬೋಸ್ ಕ್ಲಾಸ್’ ಆಯ್ಕೆ ಕೊಡಿ. ಲೋಡ್ ಆದ ಪ್ರತಿ ಕ್ಲಾಸಿನ ಎದುರು ಅದು ಯಾವ ಜಾರಿನಿಂದ ಬಂತು ಅಂತ ಬರುತ್ತದೆ. ಸಾವಿರಾರು ಸಾಲು ಬಂದರೂ ‘ಡಬ್ಲ್ಯುಎಸ್’ ಅಂತ ಹುಡುಕಿದರೆ ಉತ್ತರ ಅಲ್ಲೇ ಇರುತ್ತದೆ.

ಹಾಕುವ ಮುಂಚೆ ಸರ್ವರ್ ನಿಲ್ಲಿಸಿ. ಹಳೇ ವಾರ್ ಬಿಚ್ಚಿ ಸರ್ವರ್ ಮಾಡಿಕೊಂಡ ಫೋಲ್ಡರು ಮತ್ತು ಅದರ ವರ್ಕ್ ಫೋಲ್ಡರಿನೊಳಗಿನದನ್ನು ಅಳಿಸಿ. ಆಮೇಲೆ ಹೊಸ ವಾರ್ ಇಡಿ, ಶುರು ಮಾಡಿ.

5. ಸರ್ವಿಸ್ ಎದ್ದಿದೆಯಾ?

ಬ್ರೌಸರಿನಲ್ಲಿ ಸರ್ವಿಸ್ ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ, ಡಬ್ಲ್ಯುಎಸ್‌ಡಿಎಲ್ ಅಂತ ಸೇರಿಸಿ ತೆರೆಯಿರಿ. ಸರ್ವಿಸ್ ಎಲ್ಲಿದೆ, ಏನು ಮಾಡುತ್ತದೆ ಅಂತ ಹೇಳುವ ಎಕ್ಸ್‌ಎಂಎಲ್ ವಿವರಣೆ ಅದು. ಎಕ್ಸ್‌ಎಂಎಲ್ ಬಂದರೆ ಸಾಲದು, ಅದರ ಕೊನೆಯಲ್ಲಿರುವ ವಿಳಾಸ ಓದಿ. ಮುಂದೆ ಪ್ರಾಕ್ಸಿ (ಹೊರಗಿನ ಕರೆಗಳನ್ನು ಒಳಗೆ ದಾಟಿಸುವ ಸರ್ವರ್) ಇದ್ದರೆ ಅಲ್ಲಿ ಒಳಗಿನ ಯಂತ್ರದ ಹೆಸರು ಕೂತಿರಬಹುದು. ಆಗ ಕ್ಲೈಂಟ್ ಅದನ್ನೇ ನಂಬಿ, ತಾನು ಮುಟ್ಟಲಾಗದ ಕಡೆಗೆ ಕರೆ ಮಾಡುತ್ತದೆ.

6. ಕ್ಲೈಂಟ್ ಕಡೆ

ಡಬ್ಲ್ಯುಎಸ್‌ಡಿಎಲ್ ಫೈಲನ್ನು ಇಳಿಸಿ ಪ್ರಾಜೆಕ್ಟಿನಲ್ಲೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸರ್ವರ್ ಮಲಗಿದಾಗ ನಿಮ್ಮ ಕ್ಲೈಂಟ್ ಶುರು ಕೂಡ ಆಗುವುದಿಲ್ಲ. ಕೋಡ್ ಬರೆಸುವ ಟೂಲ್ ಮತ್ತು ಓಡಿಸುವ ಲೈಬ್ರರಿ ಒಂದೇ ಆವೃತ್ತಿ ಇರಲಿ. ವಿಳಾಸವನ್ನು ಹೊರಗಿನ ಕಾನ್ಫಿಗ್ ಫೈಲಿನಿಂದ ಓದಿ ಕೋಡಿನಲ್ಲಿ ಹೊಂದಿಸಿ.

ಸರ್ವರ್ ಅಸಲಿ ಅಂತ ತೋರಿಸುವ ಸರ್ಟಿಫಿಕೇಟಿನದು ಬೇರೆಯೇ ಗೋಳು. ಎಲ್ಲ ಸರ್ಟಿಫಿಕೇಟನ್ನೂ ಪರೀಕ್ಷಿಸದೆ ನಂಬುವ ಕೋಡು (ಟ್ರಸ್ಟ್ ಮ್ಯಾನೇಜರ್) ಬರೆದು ‘ಈಗ ಕೆಲಸ ಆಯ್ತು’ ಅನ್ನುವ ಅಡ್ಡದಾರಿ ಎಲ್ಲ ಕಡೆ ಸಿಗುತ್ತದೆ. ದಯವಿಟ್ಟು ಬಳಸಬೇಡಿ. ಅದನ್ನು ಹಾಕಿದ ಮೇಲೆ ಮಧ್ಯೆ ಯಾರು ಕೂತು ಹಣದ ವಿವರ ಓದಿದರೂ ಗೊತ್ತಾಗುವುದಿಲ್ಲ. ಇನ್ನು ಕೆಲವರು ಜಾವಾದ ಜೊತೆ ಬರುವ ‘ಸಿಎ ಸರ್ಟ್ಸ್’ ಫೈಲಿಗೇ ತಮ್ಮ ಸರ್ಟಿಫಿಕೇಟ್ ಸೇರಿಸುತ್ತಾರೆ. ಮುಂದಿನ ಜಾವಾ ಅಪ್‌ಡೇಟ್ ಹೊಸ ಫೋಲ್ಡರಿಗೆ ಬರುತ್ತದೆ, ಅದರಲ್ಲಿ ನಿಮ್ಮ ಸರ್ಟಿಫಿಕೇಟ್ ಇರುವುದಿಲ್ಲ. ‘ನಿನ್ನೆವರೆಗೂ ಚೆನ್ನಾಗಿತ್ತು ಸಾರ್’ ಅನ್ನುವ ಫೋನುಗಳಲ್ಲಿ ಎಷ್ಟೋ ಇದರದೇ. ನಂಬುವ ಸರ್ಟಿಫಿಕೇಟುಗಳ ಬೇರೆ ಫೈಲು (ಟ್ರಸ್ಟ್ ಸ್ಟೋರ್) ಮಾಡಿ, ಅಪ್ಲಿಕೇಶನ್ನಿನ ಪಕ್ಕದಲ್ಲಿ ಇಟ್ಟು, ಅದರ ದಾರಿಯನ್ನು ಜಾವಾಕ್ಕೆ ಹೇಳಿ.

ಕೊನೆಗೆ ಟೈಮೌಟ್, ಅಂದರೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ. ಸಿಎಕ್ಸ್‌ಎಫ್ ತಾನಾಗಿ ಸಂಪರ್ಕಕ್ಕೆ 30 ಸೆಕೆಂಡು, ಉತ್ತರಕ್ಕೆ 60 ಸೆಕೆಂಡು ಕಾಯುತ್ತದೆ. ಮೆಟ್ರೋ ನೀವು ಮಿತಿ ಹಾಕದಿದ್ದರೆ ಕಾಯುತ್ತಲೇ ಇರುತ್ತದೆ. ಕೌಂಟರಿನ ಎದುರು ಜನ ನಿಂತಿರುವ ಕೆಲಸಕ್ಕೆ 60 ಸೆಕೆಂಡೂ ಜಾಸ್ತಿ, 10ಕ್ಕೆ ಇಳಿಸಿ. ಇಳಿಸಿದ ಮೇಲೆ ಪರೀಕ್ಷೆ ಸರ್ವರನ್ನು ಬೇಕೆಂದೇ ನಿಲ್ಲಿಸಿ, ಕ್ಲೈಂಟಿನಿಂದ ಒಂದು ಕರೆ ಮಾಡಿ. ಪರದೆಯ ಮೇಲೆ ಬರುವ ಸಂದೇಶ ಕೌಂಟರಿನಲ್ಲಿ ಕೂತವರಿಗೆ ಅರ್ಥ ಆಗುತ್ತದಾ ಅಂತ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.